ಪೋಕರ್ ಆಡ್ಸ್ ಆ್ಯಪ್: ಜಾಣ್ಮೆಯ ಲೆಕ್ಕ ಸಿಗುತ್ತದೆ, ಅದೃಷ್ಟದ್ದಲ್ಲ

ಎಲೆಗಳನ್ನು ಒತ್ತಿದರೆ ಗೆಲುವಿನ ಶೇಕಡಾವಾರು ತಟ್ಟನೆ ಬರುತ್ತದೆ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆ ತೆರೆದಾಗ, ಕೈಯಲ್ಲಿನವೂ ಸೇರಿ ಒಂದೇ ಬಣದ ನಾಲ್ಕು ಎಲೆ ಕೂಡಿದ್ದರೆ ಆ ಬಣದಲ್ಲಿ ಬಾಕಿ 9. ರಿವರ್ ಎಂಬ ಐದನೇ, ಕೊನೆಯ ಎಲೆಯವರೆಗೆ ಫ್ಲಶ್ (ಒಂದೇ ಬಣದ ಐದು ಎಲೆ) ಆಗುವ ಸಾಧ್ಯತೆ ಶೇ. 35. ಆದರೆ ಮುಂದಿನ ಒಂದೇ ಎಲೆಗೆ (ಟರ್ನ್) ಶೇ. 19. ಪಾಟ್‌ನಲ್ಲಿ (ಪಣದ ರಾಶಿ) 100 ಇದ್ದು ಎದುರಾಳಿ 50 ಕಟ್ಟಿದರೆ ಕಾಲ್ ಮಾಡಲು, ಅಂದರೆ ಅಷ್ಟೇ ಕಟ್ಟಿ ಮುಂದುವರಿಯಲು, ಶೇ. 25 ಗೆಲುವಿನ ಸಾಧ್ಯತೆ ಬೇಕು. ಅವನು ಆಲ್‌ಇನ್ ಆಗಿದ್ದರೆ (ಇದ್ದದ್ದೆಲ್ಲ ಕಟ್ಟಿದ್ದರೆ) ಕಾಲ್ ಸರಿ. ಚಿಪ್ಸ್ ಉಳಿದಿದ್ದು ಟರ್ನ್‌ನಲ್ಲಿ ಮತ್ತೆ ಕಟ್ಟುವವನಾದರೆ ರಿವರ್ ನೋಡಲು ನೀವೂ ಮತ್ತೆ ಕಟ್ಟಬೇಕು, ಶೇ. 35 ನಂಬಬೇಡಿ. ಹೊಸಬರು ಎಡವುವುದು ಇಲ್ಲೇ.

ದೊಡ್ಡ ಕೊರತೆ: ರೇಂಜ್ (ಎದುರಾಳಿಯ ಕೈಯಲ್ಲಿರಬಹುದಾದ ಎಲೆಗಳ ಪಟ್ಟಿ) ತುಂಬದಿದ್ದರೆ ಅವನದು ಯಾವ ಎಲೆಯಾದರೂ ಆಗಬಹುದೆಂದು ಆ್ಯಪ್ ಎಣಿಸುತ್ತದೆ, ಶೇಕಡಾವಾರು ಉಬ್ಬುತ್ತದೆ. ರೇಂಜ್ ಊಹಿಸುವುದೇ ಅಸಲಿ ಜಾಣ್ಮೆ, ಅದು ನಿಮ್ಮ ಪಾಲಿನ ಕೆಲಸ.

ಎಕ್ಕದ ಜೋಡಿ ರಾಜನ ಜೋಡಿಯೆದುರು ಸುಮಾರು ಶೇ. 82 ಗೆಲ್ಲುತ್ತದೆ, ಮಿಕ್ಕಿದ್ದು ಜೂಜು. ಆಟ ನಡೆಸುವವರು ಪಾಟ್‌ನಿಂದ ತೆಗೆಯುವ ರೇಕ್ ಕಡಿತವನ್ನೂ ಆ್ಯಪ್ ಕಳೆಯುವುದಿಲ್ಲ. ಅಭ್ಯಾಸಕ್ಕೆ ಒಳ್ಳೆಯದು, ಆಟದ ನಡುವೆ ಬಳಸಿದರೆ ಹಲವು ಕಡೆ ಖಾತೆಯೇ ರದ್ದು.