ಮಾಳಿಗೆ ಮೇಲಿನ ಪಿವಿಸಿ ಪೈಪು ಬಿಸಿಲಿಗೆ ಬಾಗದಿರಲು: ಮಾಡಿ ನೋಡಿದ ಮೂರು ದಾರಿ

ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ, ಪ್ಯಾರಾಪೆಟ್ ಗೋಡೆಗುಂಟ 24 ಮೀಟರ್ ವೈರಿಂಗ್ ಪೈಪು ಹಾಕಬೇಕಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ 25 ಎಂಎಂ ಪಿವಿಸಿ ಪೈಪಿನ ಎಂಟು ತುಂಡು ತಂದು, ತುಂಡು ಕೂಡಿಸುವ ಎಲ್ಲ ಕಪ್ಲಿಂಗಿಗೂ ಸಲ್ಯೂಷನ್ (ಪೈಪಿನ ಅಂಟು) ಹಚ್ಚಿ, ಪೈಪನ್ನು ಗೋಡೆಗೆ ಹಿಡಿಯುವ ಸ್ಯಾಡಲ್ ಬಿಗಿದು, ದಾರ ಹಿಡಿದಷ್ಟು ನೆಟ್ಟಗೆ ಕೂರಿಸಿದೆ. ಏಪ್ರಿಲಿನಲ್ಲಿ ಮೇಲೆ ಹತ್ತಿ ನೋಡಿದರೆ ಪೈಪು ಹಾವಿನ ಹಾಗೆ ಡೊಂಕಾಗಿತ್ತು. ಎರಡು ಸ್ಯಾಡಲ್ ಗಿಲಾವು ಸಮೇತ ಕಿತ್ತು ಬಂದಿದ್ದವು.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಬಿಸಿ 10 ಡಿಗ್ರಿ ಏರಿದರೆ ಪಿವಿಸಿ ಮೀಟರಿಗೆ ಸುಮಾರು 0.6 ಮಿ.ಮೀ. ಬೆಳೆಯುತ್ತದೆ. ಚಳಿಗೂ ಬೇಸಿಗೆಗೂ ಪೈಪಿನ ಬಿಸಿ 40 ಡಿಗ್ರಿ ಹೆಚ್ಚಿದರೆ 24 ಮೀಟರಿಗೆ ಹೆಚ್ಚುಕಡಿಮೆ 6 ಸೆಂ.ಮೀ. ಅದಕ್ಕೆ ಎಲ್ಲಾದರೂ ಜಾಗ ಬೇಕಲ್ವಾ?

ಮೊದಲು ನಡುವೆ ಒಂದು ಮೊಳ ಫ್ಲೆಕ್ಸಿಬಲ್ ಪೈಪು ಬಾಗಿಸಿ ಹಾಕಿದೆ. ಅರ್ಧ ಗಂಟೆಯ ಕೆಲಸ, ಖರ್ಚೂ ಕಡಿಮೆ. ಡೊಂಕು ಹೋಯಿತು. ಆದರೆ ಎರಡನೇ ಬೇಸಿಗೆಗೆ ಅದು ಬಿಸಿಲಿಗೆ ಒಣಗಿ, ಬೆರಳಲ್ಲಿ ಒತ್ತಿದರೆ ಪಟಪಟ ಒಡೆಯಿತು. ನೆರಳಿದ್ದಲ್ಲಿ ಹಾಕಬಹುದು, ಬಿಸಿಲಿಗೆ ಬೇಡ.

ತಮ್ಮನ ಮನೆಗೆ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಹಾಕಿದೆವು. ಕಬ್ಬಿಣ ಬೆಳೆಯುವುದು ಪಿವಿಸಿಯ ಐದರಲ್ಲಿ ಒಂದು ಪಾಲು ಮಾತ್ರ. ಮಂಗ ಜೋತುಬಿದ್ದರೂ ಜಗ್ಗುವುದಿಲ್ಲ. ಆದರೆ ದುಬಾರಿ, ಭಾರ, ಕತ್ತರಿಸಿದಲ್ಲೆಲ್ಲ ತುಕ್ಕು. ಅರ್ಥಿಂಗ್ ಕೊಡಲೇಬೇಕು. ಒಂದು ಕಪ್ಲಿಂಗ್ ಸಡಿಲವಾದರೂ ಅಲ್ಲಿಂದಾಚೆ ಅರ್ಥ್ ಸಿಗುತ್ತದೆ ಎಂಬ ಭರವಸೆಯಿಲ್ಲ. ನನಗೆ ಇದೇ ಜಾಸ್ತಿ ಚಿಂತೆ.

ನಮ್ಮ ಮನೆಗೆ ಕೊನೆಗೆ ಉಳಿದದ್ದು ಜಾರುವ ಜೋಡಣೆ. ಪೈಪನ್ನು ನಡುವೆ ಕತ್ತರಿಸಿ, ಮೇಲೆ ಒಂದು ಅಡಿ 32 ಎಂಎಂ ಪೈಪು ತೊಡಿಸಿದೆ. ಅದರ ಒಂದು ತುದಿಗೆ, ದಪ್ಪ ಪೈಪನ್ನು ಸಣ್ಣದಕ್ಕೆ ಕೂಡಿಸುವ ರೆಡ್ಯೂಸರ್ ಹಾಕಿ ಸಲ್ಯೂಷನ್ ಹಚ್ಚಿದೆ. ಇನ್ನೊಂದು ತುದಿಯಲ್ಲಿ ಪೈಪು ಸುಮ್ನೆ ಒಳಗೆ ಹೋಗಿ ಬರುತ್ತದೆ. ಆ ಬಾಯಿಗೆ ಮಳೆ ನೀರು ಹೋಗದ ಹಾಗೆ ಅದನ್ನು ಗೋಡೆಯ ಚಾಚಿನ ಕೆಳಗೇ ಇಟ್ಟೆ. ಸಾಲಿನ ಎರಡೂ ಕೊನೆಗಳ ಸ್ಯಾಡಲ್ ಮಾತ್ರ ಬಿಗಿ. ಉಳಿದವು ಪೈಪು ಜಾರುವಷ್ಟು ಸಡಿಲ.

ಕೂರಿಸುವ ಹೊತ್ತು ಮುಖ್ಯ. ಚಳಿಯ ಬೆಳಿಗ್ಗೆ ಕೂರಿಸಿದರೆ ಒಳಗೆ ಬೆಳೆಯಲು ಪೂರ್ತಿ ಜಾಗ ಬಿಡಿ. ಮೇ ತಿಂಗಳ ಮಧ್ಯಾಹ್ನವಾದರೆ ಹೆಚ್ಚುಕಡಿಮೆ ಒಳಗೆ ತಳ್ಳಿಬಿಡಿ, ಇನ್ನು ಅದು ಕುಗ್ಗುವುದೇ. ನಾನು ಬೆಳಿಗ್ಗೆ ಆರಕ್ಕೆ ಬಾಯಿಯ ಹತ್ತಿರ ಪೈಪಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಗೆರೆ ಎರಡು ಬೆರಳಗಲ ಒಳಗೆ ಹೋಗಿ ಕಾಣದಾಗಿತ್ತು. ಒಳಗಿನ ವೈರಿಗೂ ಎರಡು ಕಡೆಯ ಬಾಕ್ಸಿನಲ್ಲಿ ಒಂದೊಂದು ಸುತ್ತು ಸಡಿಲ ಬಿಟ್ಟಿದ್ದೇನೆ.