ಪಾಝ್ ಪ್ಯಾಚ್ ರಿವ್ಯೂ: ಓದಿದರೆ ಸಾಕಾ, ಓಡಿಸಿ ನೋಡಬೇಕಾ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಮೂಲ ಸರ್ವರ್‌ನ ಬದಲಾವಣೆಗಳ ದಾಖಲೆಯನ್ನು (ವಾಲ್) ನಕಲು ಸರ್ವರ್ ತನ್ನಲ್ಲಿ ಮತ್ತೆ ನಡೆಸುತ್ತದೆ. ಇದೇ ರಿಕವರಿ ಅಥವಾ ರೀಪ್ಲೇ, ಇದನ್ನು ತಡೆದು ನಿಲ್ಲಿಸುವುದೇ ಪಾಝ್. ಹೀಗೆ ನಿಲ್ಲಿಸುವ ಕೋಡ್ ಯಾವುದಾದರೂ ಪ್ಯಾಚ್‌ನಿಂದ ಬದಲಾದಾಗ ಅದನ್ನು ಮೂರು ಥರ ರಿವ್ಯೂ ಮಾಡಿ ನೋಡಿದ್ದೇನೆ. ಬರೀ ಡಿಫ್ (ಬದಲಾದ ಸಾಲುಗಳ ಪಟ್ಟಿ) ಓದುವುದು, ಇರುವ ಟೆಸ್ಟ್‌ಗಳನ್ನು ಓಡಿಸುವುದು, ಪ್ರೈಮರಿ (ಮೂಲ ಸರ್ವರ್) ಮತ್ತು ಸ್ಟ್ಯಾಂಡ್‌ಬೈ (ನಕಲು ಸರ್ವರ್) ಎರಡನ್ನೂ ಎಬ್ಬಿಸಿ ಕೈಯಾರೆ ಕೆಣಕುವುದು. ನನ್ನ ಓಟು ಮೂರನೆಯದಕ್ಕೇ.

ಕಾರಣ ಒಂದೇ ಒಂದು ಕಿರಿಕಿರಿ. ಪಾಝ್ ಫಂಕ್ಷನ್ ಕರೆದ ತಕ್ಷಣ ವಾಪಸ್ ಬರುತ್ತದೆ. ಅದು ಕೋರಿಕೆ ಬರೆದಿಡುತ್ತದೆ ಅಷ್ಟೇ, ನಿಜವಾಗಿ ನಿಲ್ಲಬೇಕಾದದ್ದು ರೀಪ್ಲೇ ಮಾಡುವ ಸ್ಟಾರ್ಟಪ್ ಪ್ರೊಸೆಸ್. ಪಿಜಿ_ಈಸ್_ವಾಲ್_ರೀಪ್ಲೇ_ಪಾಝ್ಡ್ ಮಾತ್ರ ಕೋರಿಕೆ ಬಿದ್ದ ಕೂಡಲೇ ಟ್ರೂ ಅನ್ನುತ್ತದೆ. ಅದಕ್ಕೇ 14ನೇ ಆವೃತ್ತಿಯಲ್ಲಿ ಪಿಜಿ_ಗೆಟ್_ವಾಲ್_ರೀಪ್ಲೇ_ಪಾಝ್_ಸ್ಟೇಟ್ ಬಂತು. ಅದರ ಉತ್ತರ ಮೂರು ಬಗೆ: ನಾಟ್ ಪಾಝ್ಡ್, ಪಾಝ್ ರಿಕ್ವೆಸ್ಟೆಡ್, ಪಾಝ್ಡ್.

ಡಿಫ್‌ನಲ್ಲಿ ಬದಲಾದ ಸಾಲುಗಳೆಲ್ಲ ಸರಿಯಾಗೇ ಕಾಣುತ್ತವೆ. ಆದರೆ ಸ್ಟಾರ್ಟಪ್ ಪ್ರೊಸೆಸ್ ಬೇರೆಲ್ಲೋ ಕಾಯುತ್ತಾ ಕೂತಿರಬಹುದು, ಆ ಜಾಗ ಡಿಫ್‌ನಲ್ಲಿ ಇರುವುದೇ ಇಲ್ಲ ಅಲ್ವಾ? ಹೀಗೆ ಮಾಡಿ ನೋಡಿ. ಸ್ಟ್ಯಾಂಡ್‌ಬೈನಲ್ಲಿ ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ -1 ಇಡಿ, ಅಂದರೆ ಅಡ್ಡ ಬಂದ ಕ್ವೆರಿ ಮುಗಿಯುವವರೆಗೂ ರೀಪ್ಲೇ ಕಾಯಲಿ ಅಂತ. ಅಲ್ಲೇ ಬಿಗಿನ್ ಹೇಳಿ, ಒಂದು ಟೇಬಲ್ ಸೆಲೆಕ್ಟ್ ಮಾಡಿ, ಟ್ರಾನ್ಸಾಕ್ಷನ್ ಮುಗಿಸದೆ ಹಾಗೇ ಬಿಡಿ. ಪ್ರೈಮರಿಯಲ್ಲಿ ಅದೇ ಟೇಬಲ್ ಟ್ರಂಕೇಟ್ ಮಾಡಿ (ಪೂರ್ತಿ ಖಾಲಿ ಮಾಡಿ). ಆ ತೆರೆದ ಟ್ರಾನ್ಸಾಕ್ಷನ್ ಹಿಡಿದಿರುವ ಟೇಬಲ್ ಲಾಕ್‌ಗೆ ರೀಪ್ಲೇ ಸಿಕ್ಕಿಕೊಳ್ಳುತ್ತದೆ. ಈಗ ಪಾಝ್ ಕೇಳಿ. ಸ್ಟೇಟ್ ಎಷ್ಟು ಸಲ ನೋಡಿದರೂ ಪಾಝ್ ರಿಕ್ವೆಸ್ಟೆಡ್! ಆ ಟ್ರಾನ್ಸಾಕ್ಷನ್ ಕಮಿಟ್ ಮಾಡಿದ ಮೇಲೆಯೇ ಪಾಝ್ಡ್ ಆಗುವುದು. ಆಮೇಲೆ ಪ್ರೈಮರಿಯಲ್ಲಿ ನಾಲ್ಕು ಸಾಲು ಇನ್ಸರ್ಟ್ ಮಾಡಿ. ಸ್ಟ್ಯಾಂಡ್‌ಬೈನಲ್ಲಿ ರಿಸೀವ್ ಎಲ್‌ಎಸ್‌ಎನ್ (ವಾಲ್ ಎಲ್ಲಿಯವರೆಗೆ ಬಂದಿದೆ ಅನ್ನುವ ಗುರುತು) ಮುಂದೆ ಹೋಗಬೇಕು, ರೀಪ್ಲೇ ಎಲ್‌ಎಸ್‌ಎನ್ (ಎಲ್ಲಿಯವರೆಗೆ ರೀಪ್ಲೇ ಆಗಿದೆ ಅನ್ನುವ ಗುರುತು) ಕದಲಬಾರದು. ಪಾಝ್‌ನಲ್ಲಿರುವಾಗಲೇ ಪ್ರಮೋಟ್ (ಸ್ಟ್ಯಾಂಡ್‌ಬೈಯನ್ನೇ ಪ್ರೈಮರಿ ಮಾಡುವ ಆದೇಶ) ಕೊಟ್ಟೂ ನೋಡಿ. ಪಾಝ್ ಮುರಿದು ಪ್ರಮೋಷನ್ ನಡೆಯಬೇಕು. ಯಾವ ಪ್ಯಾಚ್ ಬಂದರೂ ನಾನು ಮೊದಲು ನೋಡುವುದು ಇಷ್ಟನ್ನೇ.

ಟೆಸ್ಟ್‌ಗಳನ್ನು ಓಡಿಸಲೇಬೇಕು. ಆದರೆ ಪ್ಯಾಚ್ ಬರೆದವರಿಗೆ ಹೊಳೆದ ಪ್ರಸಂಗಗಳಷ್ಟೇ ಅವುಗಳಲ್ಲಿ ಇರುತ್ತವೆ.

ಡಿಫ್ ಗೆಲ್ಲುವ ಜಾಗವೂ ಇದೆ: ಸ್ಪಿನ್‌ಲಾಕ್ (ಹಂಚಿಕೊಂಡ ಮೆಮೊರಿಯನ್ನು ಕಾಯುವ ಚಿಕ್ಕ ಬೀಗ) ಹಿಡಿದು ಸ್ಟೇಟ್ ಓದಿದ್ದಾರಾ, ಕಾಮೆಂಟ್ ಹಳೆಯದೇ ಉಳಿದಿದೆಯಾ ಅನ್ನುವುದು ಓದಿದರೇ ಗೊತ್ತಾಗುವುದು.

ಖರ್ಚಿನ ಮಾತಿಗೆ ಬಂದರೆ, ಬೇರೆ ಮಷೀನ್ ಬೇಡ. ಸರ್ವರ್‌ನ ನಕಲು ತೆಗೆಯುವ ಪಿಜಿ_ಬೇಸ್‌ಬ್ಯಾಕಪ್‌ಗೆ -ಆರ್ (ದೊಡ್ಡ ಅಕ್ಷರದ R) ಕೊಟ್ಟರೆ ಅದೇ ಲ್ಯಾಪ್‌ಟಾಪ್‌ನಲ್ಲಿ, ಬೇರೆ ಪೋರ್ಟ್‌ನಲ್ಲಿ ಸ್ಟ್ಯಾಂಡ್‌ಬೈ ರೆಡಿ. ಡಿಸ್ಕ್ ಮೇಲೆ ಮಾತ್ರ ಕಣ್ಣಿರಲಿ. ಪಾಝ್‌ನಲ್ಲಿದ್ದರೂ ವಾಲ್ ಬರುತ್ತಲೇ ಇರುತ್ತದೆ, ಮರೆತರೆ ಡಿಸ್ಕ್ ತುಂಬುತ್ತದೆ. ನನಗೆ ಸಂಜೆ ಹೊತ್ತು ಕೂತು ಮಾಡುವ ಅಭ್ಯಾಸ, ಹಾಗಾಗಿ ಇದು ಒಗ್ಗುತ್ತದೆ. ಅರ್ಧ ಗಂಟೆ ಮಾತ್ರ ಇದ್ದವರು ಟೆಸ್ಟ್ ಓಡಿಸಿ ಡಿಫ್ ಓದಲಿ, ಆದರೆ ಲಾಕ್ ಪ್ರಸಂಗ ನೋಡಿಲ್ಲ ಅಂತ ರಿವ್ಯೂನಲ್ಲೇ ಬರೆಯಲಿ.