ಜಿಲ್ಲಾ ಆಸ್ಪತ್ರೆಯ ಡಿಇಐಸಿ: ನಮ್ಮ ಪುಟ್ಟಿಯ ಬಲಗೈಗೆ ಎರಡು ವರ್ಷ

ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ ಒಂದು ವಿಭಾಗ ಇದೆ. ಬೆಳವಣಿಗೆ ನಿಧಾನ ಇರುವ ಮಕ್ಕಳನ್ನು ಅಲ್ಲಿ ಉಚಿತವಾಗಿ ನೋಡುತ್ತಾರೆ. ಎರಡು ವರ್ಷ ಅಲ್ಲಿಗೆ ಓಡಾಡಿದ ಮೇಲೆ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್.

ಪುಟ್ಟಿ ಹುಟ್ಟಿದ್ದು 2023ರ ಏಪ್ರಿಲ್‌ನಲ್ಲಿ. ಐದು ತಿಂಗಳಿಗೆ ಗಿಲಕಿ ಹಿಡಿಯುವುದಕ್ಕೆ ಶುರು ಮಾಡಿದಳು, ಆದರೆ ಎಡಗೈಯಲ್ಲಿ ಮಾತ್ರ. ಬಲಗಡೆಯಿಂದ ಕೊಟ್ಟರೂ ಎಡಗೈಯೇ ಎದೆ ದಾಟಿ ಬರುತ್ತಿತ್ತು. ಬಲಗೈ ಯಾವಾಗಲೂ ಮುಷ್ಟಿ, ಹೆಬ್ಬೆರಳು ಅದರೊಳಗೆ. "ತಾತನ ಥರ ಎಡಚಿ ಇವಳು" ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ವರ್ಷ ತುಂಬುವ ಮೊದಲೇ ಮಗು ಹೀಗೆ ಒಂದೇ ಕೈ ಬಳಸಿದರೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಕೈಗೆ ಬಲ ಕಡಿಮೆ ಇರಬಹುದು. ನಮಗದು ಗೊತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾಯಿಯ ಬಲತುದಿ ಪಟಪಟ ಅದುರಿತು, ಆಮೇಲೆ ಬಲಗೈ. ಫಿಟ್ಸ್.

ಎಂಆರ್‌ಐ ಮಾಡಿಸಿದ್ದು ಬೇರೆ ಕಡೆ. ಅಲ್ಲಿ "ಸ್ಕಿಜೆನ್‌ಸೆಫಲಿ, ಮೆದುಳಲ್ಲಿ ಸೀಳಿದೆ" ಅಂದರು. ಎರಡೇ ನಿಮಿಷ, ಮುಂದಿನ ಟೋಕನ್ ಕರೆದರು. ಸೀಳು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಗೆ ನೆನಪಾಗಿದ್ದು 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆಯ ಸೂರ್ಯಗ್ರಹಣ. ಆವತ್ತು ಸಂಜೆ ನಾನು ಹುರುಳಿಕಾಯಿ ಹೆಚ್ಚಿದ್ದೆ. ನಾಲ್ಕನೇ ತಿಂಗಳು ನಡೀತಿತ್ತು. ಆಮೇಲೆ ಮೂರು ವಾರ ನಾನು ಈಳಿಗೆಮಣೆ ಮುಟ್ಟಲಿಲ್ಲ.

ಡಿಇಐಸಿಗೆ ಮೊದಲ ಸಲ ಹೋದಾಗ ಅತ್ತೆಯೂ ಬಂದಿದ್ದರು. ಮಕ್ಕಳ ಡಾಕ್ಟರ್ ಫಿಲ್ಮನ್ನು ಕಿಟಕಿಗೆ ಹಿಡಿದು ನಮ್ಮಿಬ್ಬರನ್ನೂ ಹತ್ತಿರ ಕರೆದರು. ಗ್ರಹಣದ ಮಾತು ಅತ್ತೆಯೇ ಎತ್ತಿದರು. ಡಾಕ್ಟರ್ ನಗಲಿಲ್ಲ, ಗದರಲೂ ಇಲ್ಲ.

"ನೋಡೀಮ್ಮಾ, ಇದು ಕತ್ತರಿಸಿದ ಗಾಯ ಅಲ್ಲ. ಮೆದುಳಿನ ಹೊರಗಡೆ ಇರುವ ಬೂದು ಪದರ ಈ ಸೀಳಿನ ಗೋಡೆಗೂ ಹಾಸಿಕೊಂಡಿದೆ. ಹುಟ್ಟುವಾಗ ಏಟಾಗಿದ್ದರೆ ಹೀಗಿರುತ್ತಿರಲಿಲ್ಲ. ಮೆದುಳಿನ ಕಣಗಳು ಒಳಗಡೆ ಹುಟ್ಟಿ ಹೊರಗಿನ ಪದರಕ್ಕೆ ಹೋಗಿ ಸೇರಬೇಕು. ಅವು ಹೊರಟ ತಿಂಗಳುಗಳಲ್ಲೇ ಏನೋ ಅಡ್ಡ ಬಂದಿದೆ."

ಆ ಅಡ್ಡಿ ಏನಿರಬಹುದು ಅಂತಲೂ ಹೇಳಿದರು. ಆ ಜಾಗಕ್ಕೆ ಹೋಗುವ ರಕ್ತ ಕಟ್ಟಿಹೋಗಿರಬಹುದು. ಸಿಎಂವಿ ಅನ್ನುವ ವೈರಸ್ ತಾಯಿಯಿಂದ ಮಗುವಿಗೆ ದಾಟಿರಬಹುದು. ರಕ್ತನಾಳದ ಗೋಡೆಯನ್ನು ಗಟ್ಟಿಯಾಗಿಡುವ ಸಿಒಎಲ್4ಎ1 ಎಂಬ ಜೀನ್‌ನಲ್ಲಿ ದೋಷ ಇರಬಹುದು. ಸಿಎಂವಿ ಹುಟ್ಟುವ ಮೊದಲೇ ಬಂದದ್ದೋ ಅಂತ ಖಚಿತವಾಗಿ ಹೇಳಬೇಕಾದರೆ ಹುಟ್ಟಿದ ಮೂರು ವಾರದೊಳಗೆ ಮೂತ್ರ ಇಲ್ಲವೇ ಜೊಲ್ಲು ಪರೀಕ್ಷೆ ಆಗಬೇಕಂತೆ. ನಮಗೆ ಆ ಸಮಯ ದಾಟಿತ್ತು. ಜೀನ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲವಂತೆ. ಲಕ್ಷ ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು.

"ತಿಂಗಳು ಹೊಂದುತ್ತೆ ಅಮ್ಮಾ, ಹುರುಳಿಕಾಯಿ ಹೊಂದಲ್ಲ" ಅಂದರು. ಅತ್ತೆ ಬಸ್ಸಿನಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಅವರೇ ಈಳಿಗೆಮಣೆ ತೊಳೆದು ನನ್ನ ಮುಂದೆ ಇಟ್ಟರು.

ಪುಟ್ಟಿಯ ಸೀಳು ಎಡಗಡೆ ಇದೆ, ಅದಕ್ಕೇ ಬಲಗೈ ಬಲಗಾಲು ಬಿಗಿ. ಡಾಕ್ಟರ್ ಎರಡು ಅಂಗೈ ಜೋಡಿಸಿ ತೋರಿಸಿದರು: ಗೋಡೆಗಳು ಹೀಗೆ ಅಂಟಿಕೊಂಡಿದ್ದರೆ ಮುಚ್ಚಿದ ಸೀಳು, ಇವಳದ್ದು ಅದೇ. ಅಂಗೈ ಅಗಲಿಸಿದರು: ಮಧ್ಯೆ ನೀರು ತುಂಬಿದ್ದರೆ ತೆರೆದ ಸೀಳು, ಅದರಲ್ಲಿ ತೊಂದರೆ ಜಾಸ್ತಿ. ಎರಡೂ ಕಡೆ ಇದ್ದರೆ ಕೈಕಾಲು ನಾಲ್ಕಕ್ಕೂ ಬಲ ಕಡಿಮೆ, ಮಾತು, ಬುದ್ಧಿ ಬೆಳೆಯುವುದೂ ತುಂಬಾ ನಿಧಾನ. ಕೆಲವರಲ್ಲಿ ಕಣ್ಣಿನ ನರವೂ ಸರಿಯಾಗಿ ಬೆಳೆದಿರುವುದಿಲ್ಲ. ಅದಕ್ಕೆ ಅದೇ ದಿನ ಕಣ್ಣನ್ನೂ ನೋಡಿಸಿದರು. ಸರಿ ಇತ್ತು. ಫಿಟ್ಸ್‌ಗೆ ಲೆವೆಟಿರಾಸೆಟಾಮ್ ಸಿರಪ್, ಬೆಳಿಗ್ಗೆ ಸಂಜೆ, ಈಗಲೂ ನಡೀತಿದೆ.

ಫಿಸಿಯೋಥೆರಪಿಸ್ಟ್ ಮೇಡಂ ಬಗ್ಗೆ ಹೇಳಲೇಬೇಕು. ಪುಟ್ಟಿಯ ಒಳ್ಳೆ ಕೈಗೆ, ಅಂದರೆ ಎಡಗೈಗೆ, ಕಾಲುಚೀಲ ಹಾಕಿ ತಟ್ಟೆಯಲ್ಲಿ ಮಂಡಕ್ಕಿ ಹರಡಿದರು. ಅವಳು ಅತ್ತಳು, ತಟ್ಟೆ ತಳ್ಳಿದಳು, ಕಾಲುಚೀಲ ಕಚ್ಚಿದಳು. ನಾಲ್ಕನೇ ವಾರ ಮುಷ್ಟಿ ಸಡಿಲವಾಗಿ, ಹೆಬ್ಬೆರಳು ಹೊರಗೆ ಬಂದು, ಒಂದು ಕಾಳು ಬೆರಳಿಗೆ ಅಂಟಿತು. ಅದು ಬಾಯಿಯವರೆಗೆ ಹೋಗುವಷ್ಟರಲ್ಲಿ ಬಿದ್ದೇ ಹೋಯಿತು. ಮೇಡಂ ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದರು. ಈಗ ಪುಟ್ಟಿ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಾಳೆ. ಬಲಗಾಲಿಗೆ ಸ್ಪ್ಲಿಂಟ್ ಹಾಕಿಕೊಂಡು ಗೋಡೆ ಹಿಡಿಯದೆ ನಡೆಯುತ್ತಾಳೆ.

ಒಂದು ಸ್ಟಾರ್ ಕಡಿಮೆ ಯಾಕೆ? ಮಾತು ಕಲಿಸುವವರ ಹುದ್ದೆ ಏಳು ತಿಂಗಳು ಖಾಲಿ ಇತ್ತು. ಪುಟ್ಟಿಯ ವಯಸ್ಸಿಗೆ ಏಳು ತಿಂಗಳು ಅಂದರೆ ಚಿಕ್ಕ ವಿಷಯ ಅಲ್ಲ, ಅಲ್ವಾ? ಕೇಂದ್ರ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಕೆಟ್ಟ ದಿನ ದೊಡ್ಡ ಮಕ್ಕಳನ್ನು ಎತ್ತಿಕೊಂಡು ಹತ್ತುವ ತಾಯಂದಿರನ್ನು ನೋಡಿದರೆ ಸಂಕಟ ಆಗುತ್ತದೆ. ಇದು ಸರಿಹೋಗಲೇಬೇಕು.

ಹೋಗುವವರು ಒಂಬತ್ತಕ್ಕೆ ಮುಂಚೆ ಹೋಗಿ. ಎಂಆರ್‌ಐ ರಿಪೋರ್ಟ್ ಸಾಲದು, ಫಿಲ್ಮೂ ಬೇಕು. ಫಿಟ್ಸ್ ಬಂದಾಗ ಮೊಬೈಲಲ್ಲಿ ವಿಡಿಯೋ ಮಾಡಿಟ್ಟಿದ್ದರೆ ತೋರಿಸಿ. ಮನೆಯಲ್ಲಿ ನಿಮ್ಮನ್ನು ದೂರುವವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಮುಂದಿನ ಕುರ್ಚಿಯಲ್ಲೇ ಕೂರಿಸಿ.